ದವಡೆಯ ಪಡಿಯಚ್ಚು

ಮನುಷ್ಯನ ತಲೆಬುರುಡೆಯಲ್ಲಿ ಎಷ್ಟೋ ಎಲುಬುಗಳಿವೆ. ಅವುಗಳಲ್ಲಿ, ಕಿವಿಯ ಒಳಗಡೆ ಅಡಗಿರುವ ಅತಿ ಸಣ್ಣ ಎಲುಬುಗಳನ್ನು ಬಿಟ್ಟರೆ, ಸ್ವತಂತ್ರವಾಗಿ ಚಲಿಸತಕ್ಕದ್ದು ಒಂದೇ ಒಂದು, ಅದೇ ಕೆಳದವಡೆ. ಮಿಕ್ಕವು ಒಂದಕ್ಕೊಂದು ಹೊಲಿದಂತೆ ಬಿಗಿದುಕೊಂಡು, ಕೋಟೆಯ ಕಲ್ಲುಗಳ ಹಾಗೆ ಅಲುಗದೆ ನಿಂತಿವೆ. ಕುದುರೆಯ ಲಾಳದಂತೆ ಬಾಗಿ, ಎರಡು ತುದಿಗಳಲ್ಲಿಯೂ ಮೇಲಕ್ಕೇರಿ, ಕಿವಿಗಳ ಮುಂದೆ ಎರಡು ಕೀಲುಗಳಿಂದ ಬುರುಡೆಗೆ ತೂಗುಬಿದ್ದಿರುವ ಈ ಎಲುಬು ಹುಟ್ಟಿದಂದಿನಿಂದ ಸಾಯುವವರೆಗೆ ದುಡಿಯುತ್ತದೆ. ಉಣ್ಣುವುದು, ನುಂಗುವುದು, ಆಕಳಿಸುವುದು, ಮಾತನಾಡುವುದು, ಹಾಡುವುದು, ಇವೆಲ್ಲಕ್ಕೂ ಅದು ಬೇಕು.

ವಾಚಕರು ತಮ್ಮ ಎರಡು ತೋರುಬೆರಳುಗಳನ್ನು ಎರಡು ಕಿವಿಗಳ ಮುಂದೆ ಒತ್ತಿಟ್ಟುಕೊಂಡು ಬಾಯಿಯನ್ನು ಮೆಲ್ಲಗೆ ತೆರೆದು ಮುಚ್ಚಲಿ. ಬೆರಳಿನ ಕೆಳಗೆ ದವಡೆಯ ತಲೆ ಮೊದಲು ಬಾಗಿಲ ಕೀಲಿನಂತೆ ತಿರುಗುವುದೂ, ಬಾಯಿ ಇನ್ನಷ್ಟು ಅಗಲವಾದೊಡನೆ ಮುಂದಕ್ಕೆ ಜಾರುವುದೂ ತಿಳಿದುಬರುವುದು. ಬಲಗಡೆಯ ಕೀಲು, ಎಡಗಡೆಯ ಕೀಲು ಎರಡೂ ಒಂದೇ ಎಲುಬಿನ ತುದಿಗಳಾದುದರಿಂದ, ಒಂದು ಚಲಿಸಿದರೆ ಇನ್ನೊಂದು ಸುಮ್ಮನಿರಲಾರದು. ಇದರ ಮೇಲೆ, ಕೆಳಗಿನ ಹದಿನಾರು ಹಲ್ಲುಗಳು ಮೇಲಿನ ಹದಿನಾರರೊಡನೆ ಸರಿಯಾಗಿ ಕೂಡಬೇಕು. ಅನ್ನದಲ್ಲಿ ಒಂದು ಸಣ್ಣ ಮರಳು ಸಿಕ್ಕಿದರೂ ನಮಗೆ ಒಡನೆಯೇ ಗೊತ್ತಾಗುವುದಷ್ಟೆ? ಇಷ್ಟು ನಯವಾದ ಹೊಂದಿಕೆಯುಳ್ಳ ಯಂತ್ರದಲ್ಲಿ ಒಂದು ಮಿಲಿಮೀಟರಿನ ತಪ್ಪು ಸಣ್ಣ ತಪ್ಪಲ್ಲ.

ಅಪಘಾತದಲ್ಲಿ ದವಡೆ ಮುರಿಯಬಹುದು, ಹುಟ್ಟಿನಿಂದಲೇ ಸೊಟ್ಟಾಗಿರಬಹುದು, ಕ್ಯಾನ್ಸರು ತಗುಲಿದುದರಿಂದ ಅದರ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗಬಹುದು. ನಾಲಗೆಯನ್ನು ಮುಂದಕ್ಕೆ ಹಿಡಿದಿರುವ ಸ್ನಾಯು ಗದ್ದದ ಒಳಬದಿಗೆ ಅಂಟಿಕೊಂಡಿದೆ. ಆ ಭಾಗವೇ ಹೋದರೆ ನಾಲಗೆ ಹಿಂದಕ್ಕೆ ಬಿದ್ದು ಉಸಿರಾಟಕ್ಕೂ ತೊಂದರೆ. ಆದುದರಿಂದ ಕಳೆದುಹೋದುದನ್ನು ಮತ್ತೆ ಕಟ್ಟಬೇಕು. ಕಟ್ಟುವವನಿಗೆ ನಕ್ಷೆ ಬೇಕು. ಜೀವಂತ ಮನುಷ್ಯನ ಚರ್ಮವನ್ನು ಸೀಳದೆ, ಎಲುಬನ್ನು ಮುಟ್ಟದೆ, ಅದರ ನಿಜವಾದ ಆಕಾರವನ್ನು ಉದ್ದ, ಅಗಲ, ಎತ್ತರಗಳೆಂಬ ಮೂರು ಆಯಾಮಗಳಲ್ಲಿಯೂ ಹೇಗೆ ಪಡೆಯುವುದು? ಈ ಪ್ರಶ್ನೆಗೆ ಉತ್ತರ ದೊರೆತ ಕಥೆಯನ್ನು ಇಲ್ಲಿ ನೋಡೋಣ.

ನೆರಳಿನ ಕೊರತೆ

1895ರ ನವೆಂಬರಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಂಟ್ಜೆನ್ ಕ್ಷಕಿರಣಗಳನ್ನು ಕಂಡುಹಿಡಿದುದು ಎಲ್ಲರಿಗೂ ತಿಳಿದ ಸಂಗತಿ. ಮಾಂಸದ ಮೂಲಕ ಸುಲಭವಾಗಿ ಹಾಯ್ದುಹೋಗುವ ಈ ಕಿರಣಗಳನ್ನು ಎಲುಬು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದಕಾರಣ ಹಿಂದೆ ಇಟ್ಟ ಫಲಕದ ಮೇಲೆ ಎಲುಬಿನ ನೆರಳು ಮೂಡುತ್ತದೆ. ಮುರಿದ ಕೈ, ನುಂಗಿದ ನಾಣ್ಯ ಮೊದಲಾದುವನ್ನು ನೋಡಲು ಈ ನೆರಳು ಸಾಕಾಯಿತು.

ಆದರೆ ನೆರಳು ಎಷ್ಟಾದರೂ ನೆರಳೇ. ದೀಪದ ಮುಂದೆ ಒಂದು ಚೆಂಡನ್ನೂ ಒಂದು ತಟ್ಟೆಯನ್ನೂ ಹಿಡಿದರೆ ಗೋಡೆಯ ಮೇಲೆ ಬೀಳುವ ಎರಡು ನೆರಳುಗಳೂ ದುಂಡಗೆಯೇ ಇರುವುವು. ಯಾವುದು ಚೆಂಡು, ಯಾವುದು ತಟ್ಟೆ ಎಂದು ಹೇಳಲಾಗದು. ದವಡೆಯ ವಿಷಯದಲ್ಲಂತೂ ಈ ತೊಡಕು ಇಮ್ಮಡಿ. ಲಾಳದಾಕಾರದ ಎಲುಬಿಗೆ ಪಕ್ಕದಿಂದ ಕಿರಣ ಹಾಯಿಸಿದರೆ ಎಡಬದಿಯ ನೆರಳಿನ ಮೇಲೆ ಬಲಬದಿಯ ನೆರಳು ಬೀಳುವುದು. ಮುಂದಿನಿಂದ ಹಾಯಿಸಿದರೆ ಬೆನ್ನೆಲುಬಿನ ನೆರಳು ಅಡ್ಡಬರುವುದು. ಕಿರಣದ ಕೊಳವೆಯನ್ನೂ ಫಲಕವನ್ನೂ ಮುಖದ ಸುತ್ತ ಒಟ್ಟಿಗೆ ಸುತ್ತಿಸಿ, ಬಾಗಿದ ದವಡೆಯನ್ನು ಚಾಪೆ ಬಿಚ್ಚಿದಂತೆ ಚಪ್ಪಟೆಯಾಗಿ ಬಿಚ್ಚಿ ತೋರಿಸುವ ಚಿತ್ರವನ್ನು ದಂತವೈದ್ಯರು ತೆಗೆಯುತ್ತಾರೆ. ಹಲ್ಲುಗಳನ್ನೆಲ್ಲ ಒಂದೇ ನೋಟದಲ್ಲಿ ನೋಡಲು ಅದು ಬಹಳ ಅನುಕೂಲ. ಆದರೆ ಎಲುಬಿನ ದಪ್ಪ ಎಷ್ಟು, ಒಳಗಿನ ನರ ನಾಲಗೆಯ ಕಡೆಗಿದೆಯೋ ಕೆನ್ನೆಯ ಕಡೆಗಿದೆಯೋ ಎಂಬುದನ್ನು ಅದು ಹೇಳಲಾರದು. ಮೂರನೆಯ ಆಯಾಮವು ಆ ಚಿತ್ರದಲ್ಲಿ ಅಳಿಸಿಹೋಗಿದೆ.

ಹಲ್ಲಿನ ವೈದ್ಯರು ಮೆತ್ತನೆಯ ವಸ್ತುವನ್ನು ತಟ್ಟೆಯಲ್ಲಿ ತುಂಬಿ ಬಾಯಿಯೊಳಗೆ ಒತ್ತಿ ಪಡಿಯಚ್ಚು ತೆಗೆಯುವುದೂ ಉಂಟು. ಅದು ಮೂರು ಆಯಾಮಗಳುಳ್ಳ ಪ್ರತಿಕೃತಿಯೇ ನಿಜ. ಆದರೆ ಅಚ್ಚು ಮುಟ್ಟಿದಷ್ಟನ್ನೇ ಅದು ತೋರಿಸುತ್ತದೆ. ಒಸಡಿನ ಒಳಗಿರುವ ಬೇರು, ಎಲುಬು, ನರ ಯಾವುವೂ ಅದಕ್ಕೆ ಗೋಚರವಲ್ಲ.

ಮೊತ್ತದಿಂದ ಬಿಡಿಗೆ

ಒಂದು ನೆರಳು ಸಾಲದಿದ್ದರೆ ಹಲವು ನೆರಳುಗಳನ್ನು ಸೇರಿಸಿದರೆ ಹೇಗೆ? ಇದನ್ನು ಒಂದು ಸಣ್ಣ ಲೆಕ್ಕದಿಂದ ಅರಿತುಕೊಳ್ಳಬಹುದು. ಕಾಗದದ ಮೇಲೆ ನಾಲ್ಕು ಮನೆಗಳ ಒಂದು ಚೌಕವನ್ನು ಬರೆಯಿರಿ. ಮೇಲೆ ಎರಡು ಮನೆ, ಕೆಳಗೆ ಎರಡು ಮನೆ. ಪ್ರತಿಯೊಂದರಲ್ಲಿಯೂ ಒಂದು ಸಂಖ್ಯೆ ಅಡಗಿದೆ ಎಂದಿಟ್ಟುಕೊಳ್ಳೋಣ. ನಮಗೆ ಗೊತ್ತಿರುವುದು ಮೊತ್ತಗಳು ಮಾತ್ರ. ಮೇಲಿನ ಅಡ್ಡಸಾಲಿನ ಮೊತ್ತ 8, ಕೆಳಗಿನ ಅಡ್ಡಸಾಲಿನದೂ 8. ಎಡಗಡೆಯ ಕಂಬಸಾಲಿನ ಮೊತ್ತ 4, ಬಲಗಡೆಯದು 12. ಮನೆಗಳಲ್ಲಿರುವ ಸಂಖ್ಯೆಗಳು ಯಾವುವು?

ಪ್ರಯತ್ನಿಸಿದರೆ ಉತ್ತರ ಒಂದಲ್ಲವೆಂದು ಗೊತ್ತಾಗುವುದು. ಮೇಲೆ 3 ಮತ್ತು 5, ಕೆಳಗೆ 1 ಮತ್ತು 7 ಇದ್ದರೂ ಮೊತ್ತಗಳು ಸರಿಹೋಗುವುವು. ಮೇಲೆ 2 ಮತ್ತು 6, ಕೆಳಗೆ 2 ಮತ್ತು 6 ಇದ್ದರೂ ಸರಿಯೇ. ಸೊನ್ನೆಯನ್ನೂ ಸೇರಿಸಿಕೊಂಡರೆ ಪೂರ್ಣಸಂಖ್ಯೆಗಳಲ್ಲಿ ಐದು ಉತ್ತರಗಳಿವೆ. ಈಗ ಇನ್ನೊಂದು ದಿಕ್ಕಿನಿಂದ ನೋಡೋಣ. ಎಡಗಡೆಯ ಮೇಲಿನ ಮನೆಯಿಂದ ಬಲಗಡೆಯ ಕೆಳಗಿನ ಮನೆಗೆ ಹೋಗುವ ಓರೆಸಾಲಿನ ಮೊತ್ತ 10 ಎಂದು ತಿಳಿಯಿತೆನ್ನಿ. ಒಡನೆಯೇ ಉಳಿದ ಉತ್ತರಗಳೆಲ್ಲ ಬಿದ್ದುಹೋಗಿ 3, 5, 1, 7 ಎಂಬುದೊಂದೇ ನಿಲ್ಲುತ್ತದೆ. ಬೇರೆ ಬೇರೆ ದಿಕ್ಕುಗಳಿಂದ ನೋಡಿದ ಮೊತ್ತಗಳು ಸಾಕಷ್ಟಿದ್ದರೆ ಒಳಗಿನ ಬಿಡಿ ಸಂಖ್ಯೆಗಳನ್ನು ಹೊರಗಿನಿಂದಲೇ ಕಂಡುಹಿಡಿಯಬಹುದು. ಇದೇ ಇಡೀ ವಿದ್ಯೆಯ ಮೂಲತತ್ತ್ವ.

ಕ್ಷಕಿರಣವೊಂದು ತಲೆಯ ಮೂಲಕ ಹಾಯುವಾಗ ದಾರಿಯಲ್ಲಿ ಸಿಕ್ಕುವ ಚರ್ಮ, ಸ್ನಾಯು, ಎಲುಬು, ಹಲ್ಲು ಇವುಗಳೆಲ್ಲ ಅದನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುತ್ತವೆ. ಹೊರಗೆ ಬಂದ ಕಿರಣವನ್ನು ಅಳೆದರೆ ದೊರೆಯುವುದು ಈ ಹೀರಿಕೆಗಳ ಒಟ್ಟು ಮೊತ್ತ. ಅನೇಕ ದಿಕ್ಕುಗಳಿಂದ ಇಂಥ ಮೊತ್ತಗಳನ್ನು ಅಳೆದರೆ ಪ್ರತಿಯೊಂದು ಸ್ಥಳದ ಹೀರಿಕೆಯನ್ನೂ ಲೆಕ್ಕಹಾಕಬಹುದು. ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡೋನ್ 1917ರಲ್ಲಿಯೇ ಇದಕ್ಕೆ ಬೇಕಾದ ಗಣಿತವನ್ನು ಸಾಧಿಸಿ ತೋರಿಸಿದ್ದನು. ವೈದ್ಯಕ್ಕೂ ಅವನ ಲೇಖನಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಭೌತವಿಜ್ಞಾನಿ ಆಲನ್ ಕಾರ್ಮ್ಯಾಕ್, ರಾಡೋನನ ಕೆಲಸವನ್ನರಿಯದೆ, ತಾನೇ ಈ ಸಮಸ್ಯೆಯನ್ನು ಬಿಡಿಸಿ 1963 ಮತ್ತು 1964ರಲ್ಲಿ ಪ್ರಕಟಿಸಿದನು. ಆಗಲೂ ಅದನ್ನು ಗಮನಿಸಿದವರು ವಿರಳ.

ಯಂತ್ರವನ್ನು ಕಟ್ಟಿದವನು ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಎರಡನೆಯ ಮಹಾಯುದ್ಧದಲ್ಲಿ ವಾಯುಸೇನೆಯ ರೇಡಾರ್ ಕೆಲಸ ಕಲಿತು, ಬಳಿಕ ಇ.ಎಂ.ಐ. ಎಂಬ ಕಂಪೆನಿಯಲ್ಲಿ ಗಣಕಯಂತ್ರಗಳ ಎಂಜಿನಿಯರಾಗಿದ್ದವನು ಅವನು. ಅವನ ಮೊದಲ ಪ್ರಯೋಗದಲ್ಲಿ ಒಂದು ವಸ್ತುವಿನ ಒಂದೇ ಒಂದು ಪದರವನ್ನು ಅಳೆಯಲು ಒಂಬತ್ತು ದಿನಗಳು ಹಿಡಿದುವು. ಅಳತೆಗಳಿಂದ ಚಿತ್ರವನ್ನು ಲೆಕ್ಕಹಾಕಲು ದೊಡ್ಡ ಗಣಕಯಂತ್ರಕ್ಕೆ ಎರಡೂವರೆ ಗಂಟೆ ಬೇಕಾಯಿತು. ಎದೆಗುಂದದೆ ಅವನು ಯಂತ್ರವನ್ನು ತಿದ್ದುತ್ತ ಹೋದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್‌ಸನ್ ಮೋರ್ಲೆ ಆಸ್ಪತ್ರೆಯಲ್ಲಿ, ಮೆದುಳಿನಲ್ಲಿ ಗಡ್ಡೆಯಿದೆಯೆಂಬ ಶಂಕೆಗೊಳಗಾದ ಒಬ್ಬ ಮಹಿಳೆಯ ತಲೆಯನ್ನು ಈ ಯಂತ್ರದಿಂದ ಮೊದಲ ಬಾರಿಗೆ ಚಿತ್ರಿಸಲಾಯಿತು. ಯಂತ್ರವು ಒಂದೊಂದು ಡಿಗ್ರಿಯಂತೆ 180 ದಿಕ್ಕುಗಳಿಂದ, ಒಂದೊಂದು ದಿಕ್ಕಿನಲ್ಲಿ 160 ಅಳತೆಗಳನ್ನು, ಅಂದರೆ ಒಟ್ಟು 28,800 ಮೊತ್ತಗಳನ್ನು ಅಳೆಯಿತು. ಚಿತ್ರದಲ್ಲಿ 80 ಸಾಲುಗಳು, ಸಾಲಿಗೆ 80 ಮನೆಗಳು. ಹೀಗೆ 6,400 ಮನೆಗಳು. ನಮ್ಮ ನಾಲ್ಕು ಮನೆಗಳ ಲೆಕ್ಕವೇ ದೊಡ್ಡದಾಗಿ ಬೆಳೆದಿತ್ತು, ಅಷ್ಟೆ. ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡರಿಗೆ 1979ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಈ ವಿಧಾನವನ್ನೇ ಇಂದು ಜನ ‘ಸಿ.ಟಿ. ಸ್ಕ್ಯಾನ್’ ಎಂದು ಕರೆಯುತ್ತಾರೆ.

ಸಂಖ್ಯೆಗಳ ದವಡೆ

ಸ್ಕ್ಯಾನಿನ ಯಂತ್ರವು ಕೊಡುವುದು ಚಿತ್ರವನ್ನು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಕೊಡುವುದು ಸಂಖ್ಯೆಗಳನ್ನು. ಹೌನ್ಸ್‌ಫೀಲ್ಡನ ಹೆಸರನ್ನೇ ಹೊತ್ತ ಒಂದು ಮಾನದಲ್ಲಿ ನೀರಿನ ಬೆಲೆ 0, ಗಾಳಿಯದು –1000. ಕೊಬ್ಬು ಸುಮಾರು –100; ಸ್ನಾಯು 50ರ ಆಸುಪಾಸು; ಎಲುಬಿನ ಒಳಗಿನ ಜೇನುಗೂಡಿನಂಥ ಭಾಗಕ್ಕೆ ಕೆಲವು ನೂರು; ಎಲುಬಿನ ಗಟ್ಟಿ ಹೊರಪದರಕ್ಕೆ 1000 ಮತ್ತು ಅದಕ್ಕಿಂತ ಮೇಲೆ; ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ಹಲ್ಲಿನ ಎನಾಮಲಿಗೆ ಇನ್ನೂ ಹೆಚ್ಚು. ಈ ಸಂಖ್ಯೆಗಳನ್ನು ಕಪ್ಪು, ಬೂದಿ, ಬಿಳುಪು ಬಣ್ಣಗಳಾಗಿ ಮಾರ್ಪಡಿಸಿದಾಗಲೇ ನಮಗೆ ಚಿತ್ರ ಕಾಣುವುದು.

ಶಾಲೆಯಲ್ಲಿ ಭೂಗೋಳದ ಪಾಠಕ್ಕಾಗಿ ಗುಡ್ಡದ ಮಾದರಿಯನ್ನು ಮಾಡಿದವರಿಗೆ ಮುಂದಿನ ಹೆಜ್ಜೆ ಸುಲಭವಾಗಿ ತಿಳಿಯುತ್ತದೆ. ಭೂಪಟದಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ರೇಖೆಗಳಿರುತ್ತವೆ. ಒಂದೊಂದು ರೇಖೆಯ ಆಕಾರಕ್ಕೂ ಒಂದೊಂದು ರಟ್ಟನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಗುಡ್ಡ ಎದ್ದು ನಿಲ್ಲುತ್ತದೆ. ಹಾಗೆಯೇ ಗದ್ದದ ಕೆಳಗಿನಿಂದ ಕಣ್ಣಿನವರೆಗೆ ತೆಗೆದ ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ದವಡೆಯಾಗುತ್ತದೆ. ರಟ್ಟು ತೆಳ್ಳಗಾದಷ್ಟೂ ಗುಡ್ಡದ ಮೆಟ್ಟಿಲುಗಳು ಕಾಣದಾಗುವುವು. ಪದರ ತೆಳ್ಳಗಾದಷ್ಟೂ ದವಡೆಯ ರೂಪ ನಯವಾಗುವುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಂದಿನ ಯಂತ್ರಗಳಲ್ಲಿ ಒಂದು ಪದರಕ್ಕೆ ಸಾಮಾನ್ಯವಾಗಿ 512 ಸಾಲುಗಳು, ಸಾಲಿಗೆ 512 ಮನೆಗಳು. ಚಿತ್ರದ ಅಗಲ 20 ಸೆಂಟಿಮೀಟರಾದರೆ ಒಂದೊಂದು ಮನೆಯ ಬದಿ ಸುಮಾರು 0.4 ಮಿಲಿಮೀಟರ್. ಅರ್ಧ ಮಿಲಿಮೀಟರಿಗೊಂದರಂತೆ 200 ಪದರಗಳನ್ನು ತೆಗೆದರೆ 10 ಸೆಂಟಿಮೀಟರಿನ ಎತ್ತರ ತುಂಬುತ್ತದೆ. ಆಗ ಮನೆಗಳ ಸಂಖ್ಯೆ 5 ಕೋಟಿ 24 ಲಕ್ಷವನ್ನು ಮೀರುವುದು. ಪ್ರತಿಯೊಂದು ಮನೆಗೂ ಪದರದ ದಪ್ಪವೂ ಇರುವುದರಿಂದ ಅದು ಚೌಕವಲ್ಲ, ಒಂದು ಪುಟ್ಟ ಇಟ್ಟಿಗೆ. ಇದಕ್ಕೆ ‘ವಾಕ್ಸೆಲ್’ ಎಂದು ಹೆಸರು. ದವಡೆಯ ಈ ಪ್ರತಿಕೃತಿಯು ಐದು ಕೋಟಿ ಇಟ್ಟಿಗೆಗಳ ಒಂದು ರಾಶಿ. ಪ್ರತಿಯೊಂದು ಇಟ್ಟಿಗೆಯ ಮೇಲೂ ಒಂದು ಸಂಖ್ಯೆ ಬರೆದಿದೆ.

ದವಡೆ, ಹಲ್ಲುಗಳಿಗೆಂದೇ ಇನ್ನೊಂದು ಬಗೆಯ ಯಂತ್ರವೂ ಬಳಕೆಗೆ ಬಂದಿದೆ. 1990ರ ದಶಕದ ಕೊನೆಯಲ್ಲಿ ಇಟಲಿಯವರೂ ಜಪಾನಿನವರೂ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಇದರಲ್ಲಿ ಕಿರಣಗಳು ಶಂಕುವಿನಂತೆ ಹರಡಿ, ಒಂದೇ ಸುತ್ತಿನಲ್ಲಿ ಇಡೀ ದವಡೆಯನ್ನು ಅಳೆಯುತ್ತವೆ. ಆಸ್ಪತ್ರೆಯ ದೊಡ್ಡ ಯಂತ್ರಕ್ಕಿಂತ ಸಾಮಾನ್ಯವಾಗಿ ಕಡಿಮೆ ವಿಕಿರಣದಲ್ಲಿ ಕೆಲಸ ಮುಗಿಯುತ್ತದೆ. ಇಟ್ಟಿಗೆಗಳೂ ಇನ್ನಷ್ಟು ಸಣ್ಣವು. ಆದರೆ ಅದು ಕೊಡುವ ಸಂಖ್ಯೆಗಳು ಹೌನ್ಸ್‌ಫೀಲ್ಡನ ಮಾನದಷ್ಟು ನಂಬಿಕೆಗೆ ಅರ್ಹವಲ್ಲ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕಾಗುವುದು ಎಂಜಿನಿಯರಿಂಗಿನಲ್ಲಿ ಎಂದಿನ ಕಥೆ.

ತ್ರಿಕೋನಗಳ ಹೊದಿಕೆ

ರಾಶಿಯಲ್ಲಿ ಎಲುಬು ಯಾವುದು, ಮಾಂಸ ಯಾವುದು ಎಂದು ಬೇರ್ಪಡಿಸುವುದು ಮುಂದಿನ ಕೆಲಸ. ಅತ್ಯಂತ ಸರಳವಾದ ಉಪಾಯವೆಂದರೆ ಒಂದು ಹೊಸ್ತಿಲನ್ನು ಇಡುವುದು. ಉದಾಹರಣೆಗೆ 400 ಎಂಬುದನ್ನು ಹೊಸ್ತಿಲೆಂದು ಇಟ್ಟುಕೊಂಡರೆ, ಅದಕ್ಕಿಂತ ಹೆಚ್ಚಿನ ಸಂಖ್ಯೆಯುಳ್ಳದ್ದೆಲ್ಲ ಎಲುಬು, ಕಡಿಮೆಯದೆಲ್ಲ ಎಲುಬಲ್ಲ. ಹೀಗೆ ಬೇರ್ಪಡಿಸಿದ ಬಳಿಕ ಎಲುಬಿನ ಮೇಲ್ಮೈಯನ್ನು ಕಂಡುಹಿಡಿಯಬೇಕು. ಇಟ್ಟಿಗೆಗಳ ಅಂಚನ್ನೇ ಮೇಲ್ಮೈಯೆಂದರೆ ದವಡೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು.

ಇದಕ್ಕೆ ಸೊಗಸಾದ ಪರಿಹಾರವನ್ನು 1987ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿಲಿಯಂ ಲಾರೆನ್‌ಸನ್ ಮತ್ತು ಹಾರ್ವೆ ಕ್ಲೈನ್ ಎಂಬವರು ಪ್ರಕಟಿಸಿದರು. ನೆರೆಹೊರೆಯ ಎಂಟು ಸಂಖ್ಯೆಗಳನ್ನು ಒಂದು ಘನದ ಎಂಟು ಮೂಲೆಗಳಲ್ಲಿ ಇಟ್ಟಂತೆ ಭಾವಿಸಿರಿ. ಪ್ರತಿಯೊಂದು ಮೂಲೆಯೂ ಒಂದೇ ಹೊಸ್ತಿಲಿನ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಮೂಲೆಗೆ ಎರಡು ಸಾಧ್ಯತೆಗಳಂತೆ ಎಂಟು ಮೂಲೆಗಳಿಗೆ 2ರ ಎಂಟನೆಯ ಘಾತ, ಅಂದರೆ 256 ಸಾಧ್ಯತೆಗಳು. ಘನವನ್ನು ಹೊರಳಿಸಿದರೆ ಒಂದೇ ಆಗುವ, ಒಳಗು ಹೊರಗುಗಳನ್ನು ಅದಲುಬದಲು ಮಾಡಿದರೆ ಒಂದೇ ಆಗುವ ಸಾಧ್ಯತೆಗಳನ್ನು ಒಟ್ಟುಗೂಡಿಸಿದರೆ ಅವರ ಲೆಕ್ಕದಲ್ಲಿ ಉಳಿದದ್ದು ಹದಿನೈದೇ ಮಾದರಿಗಳು. ಮೇಲ್ಮೈ ಘನವನ್ನು ಎಲ್ಲೆಲ್ಲಿ ಕತ್ತರಿಸುವುದು, ಅಲ್ಲಿ ಯಾವ ತ್ರಿಕೋನಗಳನ್ನು ಇಡಬೇಕು ಎಂಬುದನ್ನು ಮೊದಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟರೆ, ಗಣಕಯಂತ್ರವು ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡುವವರಂತೆ ಘನದಿಂದ ಘನಕ್ಕೆ ಸಾಗುತ್ತ, ಪಟ್ಟಿಯನ್ನು ನೋಡಿ ತ್ರಿಕೋನಗಳನ್ನು ನೆಡುತ್ತ ಹೋಗುವುದು.

ತ್ರಿಕೋನದ ತುದಿ ಅಂಚಿನ ಮೇಲೆ ಸರಿಯಾಗಿ ಎಲ್ಲಿ ಬೀಳಬೇಕು? ಅಂಚಿನ ಒಂದು ಕೊನೆಯಲ್ಲಿ 200, ಇನ್ನೊಂದು ಕೊನೆಯಲ್ಲಿ 600 ಇದೆ ಎನ್ನೋಣ. ಹೊಸ್ತಿಲು 400 ಆದರೆ ತುದಿ ನಟ್ಟನಡುವೆ. ಹೊಸ್ತಿಲು 300 ಆದರೆ 200ರ ಕಡೆಯಿಂದ ಕಾಲು ಭಾಗದಲ್ಲಿ. ಇಷ್ಟು ಸಣ್ಣ ತ್ರೈರಾಶಿಯಿಂದ ಮೆಟ್ಟಿಲುಗಳು ಮಾಯವಾಗಿ, ಲಕ್ಷಗಟ್ಟಲೆ ತ್ರಿಕೋನಗಳಿಂದ ಹೆಣೆದ ನಯವಾದ ಹೊದಿಕೆ ಸಿದ್ಧವಾಗುತ್ತದೆ. ಪರದೆಯ ಮೇಲೆ ಅದನ್ನು ತಿರುಗಿಸಿ, ಕೆಳಗಿನಿಂದ ನೋಡಿ, ಸೀಳಿ, ಅಳೆಯಬಹುದು.

ಕಣ್ಣಿಗೆ ಕಂಡದ್ದೆಲ್ಲ ಎಲುಬಲ್ಲ

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ಮೇಲಿನ ಉದಾಹರಣೆಯಲ್ಲಿ ಅಂಚಿನ ಉದ್ದ 0.4 ಮಿಲಿಮೀಟರಾದರೆ, ಹೊಸ್ತಿಲನ್ನು 400ರಿಂದ 300ಕ್ಕೆ ಇಳಿಸಿದಾಗ ಮೇಲ್ಮೈ 0.1 ಮಿಲಿಮೀಟರ್ ಹೊರಕ್ಕೆ ಸರಿಯಿತು. ಎಲುಬಿನ ಇನ್ನೊಂದು ಬದಿಯಲ್ಲಿಯೂ ಅಷ್ಟೇ. ರೋಗಿಯ ದವಡೆ ಇದ್ದಂತೆಯೇ ಇದೆ. ಪರದೆಯ ಮೇಲಿನ ದವಡೆ ಮಾತ್ರ ದಪ್ಪವಾಯಿತು! ಹೊಸ್ತಿಲನ್ನು ಇಟ್ಟವನು ಮನುಷ್ಯ. ಆದುದರಿಂದ ಪ್ರತಿಕೃತಿಯಲ್ಲಿ ಎಲುಬಿನಷ್ಟೇ ಮನುಷ್ಯನ ತೀರ್ಮಾನವೂ ಸೇರಿಕೊಂಡಿದೆ.

ತೆಳುವಾದ ಎಲುಬಿನ ವಿಷಯದಲ್ಲಿ ಮೋಸ ಇನ್ನೂ ಹೆಚ್ಚು. ಮೇಲ್ದವಡೆಯ ಒಳಗೆ, ಮೂಗಿನ ಎರಡು ಪಕ್ಕಗಳಲ್ಲಿ, ಗಾಳಿ ತುಂಬಿದ ಪೊಳ್ಳುಗಳಿವೆ. ಅವುಗಳ ಗೋಡೆ ಕೆಲವೆಡೆ ಕಾಗದದಂತೆ ತೆಳ್ಳಗಿರುತ್ತದೆ. ಒಂದು ಇಟ್ಟಿಗೆಯ ಅರ್ಧದಲ್ಲಿ 1200 ಬೆಲೆಯ ಎಲುಬು, ಉಳಿದರ್ಧದಲ್ಲಿ –1000 ಬೆಲೆಯ ಗಾಳಿ ಇದೆ ಎನ್ನಿ. ಯಂತ್ರವು ಎರಡನ್ನೂ ಬೇರೆ ಬೇರೆಯಾಗಿ ನೋಡಲಾರದು. ಸರಾಸರಿಯನ್ನು ತೆಗೆದು 100 ಎಂದು ಬರೆಯುವುದು. 400ರ ಹೊಸ್ತಿಲನ್ನು ಅದು ದಾಟದು. ಪರಿಣಾಮವಾಗಿ ಗಟ್ಟಿ ಎಲುಬಿರುವ ಕಡೆ ಪ್ರತಿಕೃತಿಯಲ್ಲಿ ತೂತು ಕಾಣುವುದು. ಗೊತ್ತಿಲ್ಲದವನು ಅದನ್ನು ರೋಗವೆಂದು ಭಾವಿಸಬಹುದು. ಇದಕ್ಕೆ ವಿರುದ್ಧವಾಗಿ, ಹಲ್ಲಿನಲ್ಲಿ ಲೋಹ ತುಂಬಿಸಿದ್ದರೆ ಅದು ಕಿರಣಗಳನ್ನು ವಿಪರೀತವಾಗಿ ತಡೆದು, ಲೆಕ್ಕವನ್ನೇ ಕೆಡಿಸಿ, ಚಿತ್ರದಲ್ಲಿ ಬಿಳಿಯ ಗೆರೆಗಳನ್ನು ಚೆಲ್ಲುತ್ತದೆ. ಆಗ ಎಲುಬಿಲ್ಲದ ಕಡೆ ಮುಳ್ಳುಗಳು ಎದ್ದಂತೆ ಕಾಣುವುದು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕಚ್ಚಿಕೊಂಡಿದ್ದರೆ ಎರಡು ದವಡೆಗಳು ಒಂದಾಗಿಬಿಡುವುವು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನರದ ದಾರಿ. ಕೆಳದವಡೆಯ ಒಳಗೆ, ಹಲ್ಲಿನ ಬೇರುಗಳ ಕೆಳಗೆ, ಸುರಂಗದಂಥ ಒಂದು ನಾಳವಿದೆ. ಕೆಳಗಿನ ಹಲ್ಲು, ತುಟಿ, ಗದ್ದಗಳಿಗೆ ಸ್ಪರ್ಶಜ್ಞಾನವನ್ನು ಕೊಡುವ ನರ ಅದರಲ್ಲಿ ಹಾಯ್ದು, ಗದ್ದದ ಪಕ್ಕದ ರಂಧ್ರದಿಂದ ಹೊರಬರುತ್ತದೆ. ಕೃತಕ ಹಲ್ಲಿಗಾಗಿ ಎಲುಬಿನಲ್ಲಿ ಕೊರೆಯುವಾಗಲೋ, ಸೊಟ್ಟಗಿನ ದವಡೆಯನ್ನು ಕತ್ತರಿಸಿ ಜರುಗಿಸುವಾಗಲೋ ಆ ನರಕ್ಕೆ ಏಟು ಬಿದ್ದರೆ ತುಟಿ ಮರಗಟ್ಟಿಹೋಗಬಹುದು. ನಾಳದ ಗೋಡೆ ಎಲ್ಲೆಡೆಯೂ ಸ್ಪಷ್ಟವಾಗಿ ಕಾಣುವುದಿಲ್ಲವಾದುದರಿಂದ, ತಜ್ಞರು ಪದರ ಪದರವನ್ನೂ ನೋಡಿ ಅದರ ಹಾದಿಯನ್ನು ಗುರುತುಮಾಡಬೇಕಾಗುತ್ತದೆ.

ಪದರಗಳು ಇನ್ನೂರಾದರೆ ಈ ಕೆಲಸಕ್ಕೆ ಗಂಟೆಗಟ್ಟಲೆ ತಾಳ್ಮೆ ಬೇಕು. ಇತ್ತೀಚೆಗೆ ಗಣಕಯಂತ್ರಕ್ಕೇ ಇದನ್ನು ಕಲಿಸುತ್ತಿದ್ದಾರೆ. ತಜ್ಞರು ಗುರುತುಮಾಡಿದ ಚಿತ್ರಗಳನ್ನು ಅದಕ್ಕೆ ತೋರಿಸುತ್ತ ಹೋದರೆ, ಹೊಸ ಚಿತ್ರವನ್ನು ಕೊಟ್ಟಾಗ ತಾನೇ ಎಲುಬು, ಹಲ್ಲು, ನರಗಳನ್ನು ಬೇರ್ಪಡಿಸುವುದನ್ನು ಅದು ಕಲಿಯುತ್ತದೆ. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ‘ಯು-ನೆಟ್’ ಎಂಬ ಕ್ರಮ ಈ ದಾರಿಯಲ್ಲಿ ಬಹಳ ಪ್ರಸಿದ್ಧ. ಕೆಲಸ ಗಂಟೆಗಳಿಂದ ನಿಮಿಷಗಳಿಗೆ ಇಳಿದಿದೆ. ಆದರೆ ಹೀಗೆ ಕಲಿತ ಯಂತ್ರಕ್ಕೆ ತಾನು ನೋಡಿದುದೇ ಲೋಕ. ಆರೋಗ್ಯವಾದ ದವಡೆಗಳನ್ನೇ ಹೆಚ್ಚಾಗಿ ನೋಡಿದ ಯಂತ್ರವು ಗಡ್ಡೆ ತಿಂದುಹಾಕಿದ ದವಡೆಯ ಮುಂದೆ ತಡವರಿಸಬಹುದು. ನೆರವು ಹೆಚ್ಚಾಗಿ ಬೇಕಾದ ರೋಗಿಯ ವಿಷಯದಲ್ಲೇ ಅದು ತಪ್ಪುವ ಸಂಭವ ಹೆಚ್ಚು. ಆದಕಾರಣ ಕೊನೆಯ ಮಾತು ವೈದ್ಯನದೇ ಆಗಿರಬೇಕು.

ಕಾಲಿನ ಎಲುಬು ಬಾಯಿಗೆ

ಇಷ್ಟು ಕಷ್ಟಪಟ್ಟು ಕಟ್ಟಿದ ಪ್ರತಿಕೃತಿಯಿಂದ ಆಗುವ ಉಪಯೋಗವನ್ನು ಒಂದು ಶಸ್ತ್ರಚಿಕಿತ್ಸೆಯಿಂದ ತಿಳಿಯಬಹುದು. ನಮ್ಮ ಮೊಣಕಾಲಿನಿಂದ ಹರಡಿನವರೆಗೆ ಎರಡು ಎಲುಬುಗಳಿವೆ. ಮೈಭಾರವನ್ನು ಬಹುಮಟ್ಟಿಗೆ ದಪ್ಪನೆಯದೇ ಹೊರುತ್ತದೆ. ಹೊರಬದಿಯಲ್ಲಿರುವ ಫಿಬ್ಯುಲ ಎಂಬ ಕೋಲಿನಂಥ ತೆಳು ಎಲುಬಿನ ನಡುಭಾಗವನ್ನು ತೆಗೆದರೂ, ಎರಡು ಕೊನೆಗಳನ್ನು ಉಳಿಸಿದರೆ, ಮನುಷ್ಯ ನಡೆಯಬಲ್ಲ. 1975ರಲ್ಲಿ ಆಸ್ಟ್ರೇಲಿಯದ ಇಯನ್ ಟೇಲರ್ ಈ ಎಲುಬನ್ನು ಅದರ ರಕ್ತನಾಳಗಳ ಸಮೇತ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ, ಅಲ್ಲಿಯ ರಕ್ತನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವ ವಿಧಾನವನ್ನು ವರದಿಮಾಡಿದನು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಇದೇ ಎಲುಬಿನಿಂದ ಕೆಳದವಡೆಯನ್ನು ಕಟ್ಟುವ ಕ್ರಮವನ್ನು ಪ್ರಕಟಿಸಿದನು. ರಕ್ತದ ಹರಿವಿರುವುದರಿಂದ ನೆಟ್ಟ ಎಲುಬು ಜೀವಂತವಾಗಿಯೇ ಇದ್ದು ದವಡೆಯೊಡನೆ ಬೆಸೆದುಕೊಳ್ಳುತ್ತದೆ.

ತೊಡಕೇನೆಂದರೆ, ಕಾಲಿನ ಎಲುಬು ನೆಟ್ಟಗಿದೆ; ದವಡೆ ಬಾಗಿದೆ. ಬಡಗಿಯು ಚಿತ್ರದ ಚೌಕಟ್ಟಿಗೆ ಮೂಲೆ ಕೂಡಿಸುವಾಗ ಎರಡು ಪಟ್ಟಿಗಳ ಕೊನೆಗಳನ್ನೂ ಓರೆಯಾಗಿ 45 ಡಿಗ್ರಿಗೆ ಕತ್ತರಿಸುತ್ತಾನಲ್ಲವೆ? ಅದೇ ಜಾಣ್ಮೆ ಇಲ್ಲಿಯೂ ಬೇಕು. ದವಡೆ ಒಂದೆಡೆ 30 ಡಿಗ್ರಿ ತಿರುಗಬೇಕಾದರೆ, ಅಲ್ಲಿ ಕೂಡುವ ಎರಡು ತುಂಡುಗಳ ಕೊನೆಗಳನ್ನು 15 ಡಿಗ್ರಿಯಷ್ಟು ಓರೆಯಾಗಿ ಕತ್ತರಿಸಬೇಕು. ಬಡಗಿ ತಪ್ಪಿದರೆ ಇನ್ನೊಂದು ಪಟ್ಟಿಯನ್ನು ತಂದಾನು. ಶಸ್ತ್ರವೈದ್ಯನಿಗೆ ಆ ಅವಕಾಶವಿಲ್ಲ. ರಕ್ತದ ಸಂಪರ್ಕ ಕಡಿದ ಎಲುಬು ಹೆಚ್ಚು ಹೊತ್ತು ಕಾಯಲಾರದು. ಹಿಂದೆ ಈ ಓರೆಗಳನ್ನು ಶಸ್ತ್ರಚಿಕಿತ್ಸೆಯ ಮೇಜಿನ ಬಳಿಯಲ್ಲಿಯೇ ಕಣ್ಣಂದಾಜಿನಿಂದ ನಿರ್ಣಯಿಸಬೇಕಾಗಿತ್ತು.

ಈಗ ರೋಗಿಯ ದವಡೆ, ಕಾಲು ಎರಡನ್ನೂ ಮುಂಚಿತವಾಗಿ ಸ್ಕ್ಯಾನ್ ಮಾಡಿ ಪ್ರತಿಕೃತಿಗಳನ್ನು ಕಟ್ಟುತ್ತಾರೆ. ಪರದೆಯ ಮೇಲೆ ರೋಗದ ಭಾಗವನ್ನು ಕತ್ತರಿಸಿ, ಆರೋಗ್ಯವಾದ ಬದಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕಿ, ಕಳೆದ ಬದಿ ಹೇಗಿರಬೇಕೆಂದು ನೋಡುತ್ತಾರೆ. ಯಾವ ಮುಖದ ಎರಡು ಬದಿಗಳೂ ಸಂಪೂರ್ಣವಾಗಿ ಒಂದೇ ಅಲ್ಲವಾದುದರಿಂದ ಅದನ್ನೂ ಸ್ವಲ್ಪ ತಿದ್ದುತ್ತಾರೆ. ಕಾಲಿನ ಎಲುಬನ್ನು ಎಲ್ಲಿ, ಯಾವ ಓರೆಯಲ್ಲಿ ಕತ್ತರಿಸಿದರೆ ಆ ಬಾಗು ದೊರೆಯುವುದೆಂಬುದನ್ನು ಲೆಕ್ಕಹಾಕುತ್ತಾರೆ. ಬಳಿಕ, ಗರಗಸ ಹಾಯಲು ಸೀಳುಗಳಿರುವ ಒಂದು ಪ್ಲಾಸ್ಟಿಕ್ ಅಚ್ಚನ್ನು ಮುದ್ರಿಸಿ, ಶಸ್ತ್ರಚಿಕಿತ್ಸೆಯ ವೇಳೆ ಅದನ್ನು ಎಲುಬಿನ ಮೇಲೆ ಕೂರಿಸುತ್ತಾರೆ. ಗರಗಸ ಸೀಳಿನಲ್ಲಿ ಹಾಯ್ದರೆ ಓರೆ ತಾನಾಗಿಯೇ ಸರಿಯಾಗಿ ಬೀಳುವುದು. ಮುರಿದ ದವಡೆಗೆ ಹಾಕುವ ಲೋಹದ ಪಟ್ಟಿಯನ್ನೂ ಮುದ್ರಿಸಿದ ದವಡೆಯ ಮೇಲಿಟ್ಟು ಹಿಂದಿನ ದಿನವೇ ಬಗ್ಗಿಸಿಕೊಳ್ಳಬಹುದು. ಮೂರು ಆಯಾಮಗಳಲ್ಲಿ ಪದರ ಪದರವಾಗಿ ಮುದ್ರಿಸುವ ಈ ಕಲೆಗೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟು ಪಡೆದಿದ್ದನು. ಸ್ಕ್ಯಾನಿನಲ್ಲಿ ಪದರಗಳಾಗಿ ಬಿಡಿಸಿದ ದವಡೆ ಇಲ್ಲಿ ಮತ್ತೆ ಪದರಗಳಾಗಿ ಕೂಡಿಕೊಳ್ಳುತ್ತದೆ.

ಲೋಹವನ್ನೇ ಹೀಗೆ ಮುದ್ರಿಸಿದ ಉದಾಹರಣೆಯೂ ಉಂಟು. 2011ರ ಜೂನಿನಲ್ಲಿ ನೆದರ್ಲೆಂಡ್ಸಿನ 83 ವರ್ಷದ ಒಬ್ಬ ವೃದ್ಧೆಗೆ, ಸೋಂಕಿನಿಂದ ಕೆಟ್ಟುಹೋಗಿದ್ದ ಕೆಳದವಡೆಯನ್ನು ತೆಗೆದು, ಟೈಟೇನಿಯಂ ದವಡೆಯನ್ನು ಕೂಡಿಸಲಾಯಿತು. ಎಲುಬನ್ನು ಕಸಿಮಾಡುವ ದೀರ್ಘ ಚಿಕಿತ್ಸೆ ಆ ವಯಸ್ಸಿಗೆ ಅಪಾಯಕರವಾಗಿತ್ತು. ಬೆಲ್ಜಿಯಂನಲ್ಲಿ ಟೈಟೇನಿಯಂ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸಿ, ಮಿಲಿಮೀಟರಿಗೆ 33 ಪದರಗಳಂತೆ ಬೆಳೆಸಿದ ಆ ದವಡೆಯ ತೂಕ 107 ಗ್ರಾಂ. ಇಡೀ ಕೆಳದವಡೆಯನ್ನು ಹೀಗೆ ತಯಾರಿಸಿ ಕೂಡಿಸಿದುದು ಅದೇ ಮೊದಲೆಂದು 2012ರಲ್ಲಿ ಪ್ರಕಟವಾಯಿತು.

ನಮ್ಮ ನಾಡಿನ ಮಾತು

ಈ ವಿದ್ಯೆ ಹುಟ್ಟಿದುದು ದೂರದೇಶಗಳಲ್ಲಾದರೂ ಇದರ ಅಗತ್ಯ ನಮಗೆ ಹೆಚ್ಚಾಗಿಯೇ ಇದೆ. ಭಾರತದ ಗಂಡಸರಿಗೆ ತಗಲುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರು ಅತಿ ಸಾಮಾನ್ಯವಾದುವುಗಳ ಸಾಲಿಗೆ ಸೇರಿದೆ. ಹೊಗೆಸೊಪ್ಪಿನ ಕೆಡುಕು ಬಹಳ ಹಿಂದಿನಿಂದ ತಿಳಿದದ್ದು. ಮಲೆನಾಡು, ಕರಾವಳಿಗಳ ಬದುಕಿಗೆ ಆಧಾರವಾದ ಅಡಕೆಯೂ, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಅಡಕೆಯನ್ನು ವರ್ಷಗಟ್ಟಲೆ ಅಗಿಯುವವರಲ್ಲಿ ಕೆನ್ನೆಯ ಒಳಪೊರೆ ಗಡುಸಾಗುತ್ತ ಬಂದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುವುದುಂಟು. ಅಂಥವರ ಬಾಯಿಯೊಳಗೆ ಅಚ್ಚಿನ ತಟ್ಟೆಯನ್ನು ತೂರಿಸುವುದೇ ಅಸಾಧ್ಯ. ಸ್ಕ್ಯಾನಿಗಾದರೋ ಬಾಯಿ ತೆರೆಯಲೇಬೇಕೆಂಬ ನಿರ್ಬಂಧವಿಲ್ಲ.

ಆದರೂ ಪ್ರತಿಯೊಂದು ಸ್ಕ್ಯಾನಿಗೂ ದೇಹವು ಒಂದಷ್ಟು ವಿಕಿರಣವನ್ನು ತಾಳಿಕೊಳ್ಳಬೇಕೆಂಬುದನ್ನು ಮರೆಯಬಾರದು. ಕುತೂಹಲಕ್ಕಾಗಿ ತೆಗೆಸಿಕೊಳ್ಳುವ ಚಿತ್ರವಲ್ಲ ಇದು. ಪ್ರತಿಕೃತಿಗೆ ನೋವಿಲ್ಲ, ರಕ್ತವಿಲ್ಲ. ಅದರ ಮೇಲೆ ಹತ್ತು ಸಲ ತಪ್ಪಾಗಿ ಕತ್ತರಿಸಿ ಹನ್ನೊಂದನೆಯ ಸಲ ಸರಿಯಾಗಿ ಕತ್ತರಿಸಬಹುದು. ಈ ಹತ್ತು ತಪ್ಪುಗಳು ರೋಗಿಯ ಮೈಮೇಲೆ ಆಗದಂತೆ ತಡೆಯುವುದೇ ಅದರ ಪರಮ ಪ್ರಯೋಜನ. ರಾಡೋನ್ ತನ್ನ ಸಮೀಕರಣವನ್ನು ಬರೆದಾಗ ಯಾರ ದವಡೆಯೂ ಅವನ ಮನಸ್ಸಿನಲ್ಲಿರಲಿಲ್ಲ. ಆದರೂ ಕಾಲಿನ ಎಲುಬಿನಿಂದ ಕಟ್ಟಿದ ದವಡೆಯುಳ್ಳವನು ಮನೆಗೆ ಮರಳಿ ತನ್ನವರನ್ನು ಹೆಸರು ಹಿಡಿದು ಕರೆಯುವಾಗ, ಆ ಮಾತಿನ ಹಿಂದೆ ಆ ಗಣಿತವೂ ಇದೆ.